ಸೆನೆಬ್‌ಕೇ ರಾಜನೇ ಅನ್ನೋದಕ್ಕೆ ಆಧಾರ

ಒಂದು ಗೋರಿ ಸಿಕ್ಕ ಮಾತ್ರಕ್ಕೆ ಪ್ರಾಚೀನ ಈಜಿಪ್ಟಿನ ಸೆನೆಬ್‌ಕೇಯನ್ನು ರಾಜ ಅಂತ ಹೇಗೆ ಒಪ್ಪೋದು ಎಂದು ಕೇಳಿದ್ದೀರಿ. ಗಟ್ಟಿ ಸಾಕ್ಷಿ ಗೋರಿಯ ಗೋಡೆಯ ಮೇಲೇ ಇದೆ ಸರ್. ಪುರಾತತ್ವಜ್ಞ ಜೋಸೆಫ್ ವೆಗ್ನರ್ ಅವರ ತಂಡ ಈಜಿಪ್ಟಿನ ದಕ್ಷಿಣ ಅಬಿಡೋಸ್‌ನಲ್ಲಿ ಪತ್ತೆಹಚ್ಚಿ 2014ರಲ್ಲಿ ಪ್ರಕಟಿಸಿದ ಆ ಸುಣ್ಣಕಲ್ಲಿನ ಕೋಣೆಯಲ್ಲಿ ‘ವೊಸೆರಿಬ್ರೆ’ (ಇವನ ಪಟ್ಟದ ಹೆಸರು), ‘ಸೆನೆಬ್‌ಕೇ’ ಎಂಬ ಹೆಸರುಗಳು ಕಾರ್ಟೂಶ್ ಎಂಬ ಅಂಡಾಕಾರದ ಚೌಕಟ್ಟಿನ ಒಳಗಿವೆ, ಜೊತೆಗೆ ರಾಜಬಿರುದುಗಳೂ ಇವೆ. ಆ ಚೌಕಟ್ಟು ಬರೀ ಶ್ರೀಮಂತನಾದವನ ಹೆಸರಿಗೆ ಸಲ್ಲುತ್ತಿರಲಿಲ್ಲ.

ಈಜಿಪ್ಟಿನ ರಾಜರ ಹೆಸರುಗಳಿರುವ ಹಳೆಯ ಪಪೈರಸ್ ಹಾಳೆಯಾದ ಟ್ಯೂರಿನ್ ರಾಜಪಟ್ಟಿಯ ಆಧಾರ ಅಷ್ಟು ಬಲವಾಗಿಲ್ಲ. ಅಲ್ಲಿ ‘ವೊಸೆರ್…ರೆ’ ಎಂದು ಹರಿದುಹೋದ ಎರಡು ನಮೂದುಗಳಿವೆ. ಒಂದು ಇವನದಿರಬಹುದು, ಅಷ್ಟೇ. ಅಬಿಡೋಸ್‌ಗೆ ತನ್ನದೇ ರಾಜವಂಶವಿತ್ತು ಎಂಬ ವಾದವನ್ನು ಈಜಿಪ್ಟ್ ಇತಿಹಾಸತಜ್ಞ ಕಿಮ್ ರಿಹೋಲ್ಟ್ 1997ರಲ್ಲೇ ಮಂಡಿಸಿದ್ದರು. ಗೋರಿ ಅದಕ್ಕೆ ಬಲ ಕೊಟ್ಟಿತು, ಆದರೂ ಎಲ್ಲರೂ ಒಪ್ಪಿಲ್ಲ.

ಈ ರಾಜನ ಖಜಾನೆ ಮಾತ್ರ ಬರಿದಾಗಿದ್ದಂತಿದೆ: ಅವನ ಶವದಿಂದ ತೆಗೆದ ಕರುಳು, ಯಕೃತ್ತು ಇಡುವ ದೇವದಾರು ಪೆಟ್ಟಿಗೆಯ ಹಲಗೆಗಳು ಸೊಬೆಕ್‌ಹೊಟೆಪ್ ಎಂಬ ಹಿಂದಿನ ರಾಜನ ಗೋರಿಯಿಂದ ಕಿತ್ತು ತಂದವು!

ಸೆನೆಬ್‌ಕೇಯ ಎಲುಬುಗಳ ಮೇಲೆ 18 ಗಾಯಗಳಿವೆ. ಕಾಲು, ಮಂಡಿ, ಬೆನ್ನಿನ ಕೆಳಭಾಗಕ್ಕೆ ಬಿದ್ದ ಏಟುಗಳ ಕೋನ ನೋಡಿದರೆ ಅವನು ಎತ್ತರದಲ್ಲಿ, ಬಹುಶಃ ಕುದುರೆ ಅಥವಾ ರಥದ ಮೇಲೆ, ಇದ್ದ. ಕೆಡವಿದ ಮೇಲೆ ತಲೆಗೆ ಯುದ್ಧಗೊಡಲಿಯ ಹೊಡೆತ.