ಬ್ರ್ಯಾಂಡ್ ಅಮೆರಿಕದ್ದು, 'ಮೇಡ್ ಇನ್' ಮೊಹರು ಚೀನಾದ್ದು. ಹಾಗಾದರೆ ಲ್ಯಾಪ್‌ಟಾಪ್ ರೂಪಿಸಿದವರು ಯಾರು?

ಲ್ಯಾಪ್‌ಟಾಪ್ ವಿಷಯ ಬಂದಾಗ 'ಕಾರ್ಖಾನೆ ಜೊತೆ ಸಂಶೋಧನೆಯೂ ಚೀನಾಕ್ಕೆ ಹೋಯಿತಾ?' ಅನ್ನೋ ಪ್ರಶ್ನೆ ಏಳುತ್ತೆ. ಸ್ವಲ್ಪ ಹೋಯಿತು, ಪೂರ್ತಿ ಅಲ್ಲ. ಆದರೆ ಉತ್ತರದ ಮುಕ್ಕಾಲು ಪಾಲು ಆ ಪ್ರಶ್ನೆಯಲ್ಲಿ ಹೆಸರೇ ಇಲ್ಲದ ತೈವಾನ್‌ನಲ್ಲಿದೆ.

ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಫರ್ಮ್‌ವೇರ್ (ಯಂತ್ರದ ಚಿಪ್ಪಿನೊಳಗೇ ಕೂರುವ ಮೂಲ ಸಾಫ್ಟ್‌ವೇರ್) ಕೆಲಸ ಮಾಡುವವನು. ಬೆಳಗಿನ ಕಾಲ್‌ನಲ್ಲಿ ಆ ಕಡೆ ಕೂತಿರೋದು ಬಹುತೇಕ ತೈವಾನ್ ರಾಜಧಾನಿ ತೈಪೆಯವರೇ. ಎಚ್‌ಪಿ, ಡೆಲ್ ಹೆಸರಲ್ಲಿ ಮಾರಾಟವಾಗುವ ಎಷ್ಟೋ ಮಾಡೆಲ್‌ಗಳ ಸರ್ಕ್ಯೂಟ್ ಬೋರ್ಡು, ಚಾಸಿ (ಚೌಕಟ್ಟು) ಎಲ್ಲ ವಿನ್ಯಾಸ ಮಾಡಿ, ಕಟ್ಟಿ ಕೊಡೋದು ಕ್ವಾಂಟಾ, ಕಾಂಪಾಲ್, ಇನ್ವೆಂಟೆಕ್, ವಿಸ್ಟ್ರಾನ್‌ನಂಥ ತೈವಾನ್ ಕಂಪನಿಗಳು. (ವಿಸ್ಟ್ರಾನ್ ಅಂದರೆ ನಮಗೆ ನೆನಪಾಗೋದು ಕೋಲಾರದ ನರಸಾಪುರ. ಅಲ್ಲಿ ಮಾಡುತ್ತಿದ್ದದ್ದು ಐಫೋನ್. 2023ರಲ್ಲಿ ಅದನ್ನು ಟಾಟಾಗೆ ಮಾರಿ ಹೊರಟರು.)

ಪಿಸಿ ಹುಟ್ಟಿದ್ದೇ ಹಂಚಿಹೋಗುವ ಹಾಗೆ. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಪ್ರೊಸೆಸರ್ ತಂದದ್ದು ಇಂಟೆಲ್‌ನಿಂದ, ಡಾಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನಿಂದ. ಆ ಪ್ರೊಸೆಸರ್, ಅಂದರೆ 8088 ಚಿಪ್ಪಿನ ವಿನ್ಯಾಸ ಆಗಿದ್ದು ಇಸ್ರೇಲಿನ ಹೈಫಾದಲ್ಲಿ. ಬೇರೆಯವರು ನಕಲು ಮಾಡದ ಹಾಗೆ ಐಬಿಎಂನದೇ ಅಂತ ಉಳಿದ ಬೀಗ ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಂ) ಒಂದೇ. ಪೈಪೋಟಿ ಕಂಪನಿ ಕಾಂಪ್ಯಾಕ್ ಅದನ್ನೂ ಹೊಸದಾಗಿ ಬರೆದುಕೊಂಡಿತು. ಆಮೇಲೆ ಯಾರು ಬೇಕಾದರೂ ಕಟ್ಟಬಹುದಿತ್ತು.

ಚೀನಾದಲ್ಲಿ ಲ್ಯಾಪ್‌ಟಾಪ್ ಮಾಡಬಾರದು ಅಂತ ತನ್ನ ಕಂಪನಿಗಳಿಗೆ ಹಾಕಿದ್ದ ನಿರ್ಬಂಧವನ್ನು ತೈವಾನ್ ಸರ್ಕಾರ ತೆಗೆದದ್ದು 2001ರಲ್ಲಿ. ಕೆಲವೇ ವರ್ಷಗಳಲ್ಲಿ ಜೋಡಣೆ ಹೆಚ್ಚುಕಡಿಮೆ ಎಲ್ಲ ಶಾಂಘೈ, ಸುಝೌ, ಕುನ್‌ಶಾನ್ ಸೇರಿತು. ಬೆನ್ನಿಗೇ ಎಂಜಿನಿಯರಿಂಗ್‌ನ ಒಂದು ಭಾಗವೂ ಹೋಯಿತು. ಅಗ್ಗದ ಸಂಬಳ ಅಂತ ಎಲ್ಲರೂ ಹೇಳ್ತಾರೆ, ನನಗೆ ಅದು ಅರ್ಧ ಕಾರಣ ಅನಿಸುತ್ತೆ. ಹೊಸ ಮಾಡೆಲ್‌ನ ಟ್ರಯಲ್ ಬ್ಯಾಚ್ ಕಾರ್ಖಾನೆಯ ಲೈನಿಗೆ ಬಂದಾಗ ಏನಾಗುತ್ತೆ ನೋಡಿ: ಹೀಟ್‌ಸಿಂಕಿನ (ಪ್ರೊಸೆಸರ್ ಬಿಸಿ ಹೀರುವ ಲೋಹದ ಭಾಗ) ಸ್ಕ್ರೂ ಬಿಗಿಯುವಾಗ ಬೋರ್ಡು ಕೂದಲೆಳೆಯಷ್ಟು ಬಾಗುತ್ತೆ, ಪ್ರೊಸೆಸರ್ ಕೆಳಗಿನ ಬೆಸುಗೆ ಬಿರುಕು ಬಿಡುತ್ತೆ. ಸ್ಕ್ರೂ ಬಿಗಿಯುವ ಕ್ರಮ ಬದಲಿಸಬೇಕಾ, ಅದರ ಜಾಗವನ್ನೇ ಸರಿಸಬೇಕಾ? ಅವತ್ತೇ ನಿರ್ಧಾರ ಆಗಬೇಕು, ಡ್ರಾಯಿಂಗ್ ಅವತ್ತೇ ತಿದ್ದಬೇಕು. ಡೆಲ್ ಕಚೇರಿಯಿರುವ ಅಮೆರಿಕದ ಟೆಕ್ಸಾಸ್‌ನಲ್ಲಿ ಕೂತು ಇದನ್ನು ಮಾಡೋಕಾಗಲ್ಲ.

ಆದರೆ ಚಿಪ್ಪಿನ ಸಂಶೋಧನೆ ಈ ದಾರಿ ಹಿಡಿಯಲಿಲ್ಲ. ಇಂಟೆಲ್‌ನ 2003ರ ಲ್ಯಾಪ್‌ಟಾಪ್ ಪ್ರೊಸೆಸರ್ ಪೆಂಟಿಯಂ ಎಂ ಹೈಫಾದ್ದು, 2008ರ ಆರು ಕೋರ್‌ಗಳ ಸರ್ವರ್ ಪ್ರೊಸೆಸರ್ ಜಿಯಾನ್ 7400 ನಮ್ಮ ಬೆಂಗಳೂರಿನದು. ಕಂಪನಿ ಚೀನೀಯರದಾದರೂ ಅಷ್ಟೇ: ಲೆನೊವೊ 2005ರಲ್ಲಿ ಐಬಿಎಂನ ಪಿಸಿ ವ್ಯವಹಾರ ಕೊಂಡ ಮೇಲೂ ಅದರ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಅಭಿವೃದ್ಧಿಯ ಮುಖ್ಯ ಕೆಲಸ ಜಪಾನಿನ ಯಮಾಟೊ ಲ್ಯಾಬ್‌ನಲ್ಲೇ ಉಳಿಯಿತು.

ಹಾಗಾಗಿ 'ಇಲ್ಲೇ ಜೋಡಿಸಿದರೆ ಸಂಶೋಧನೆ ತಾನಾಗಿ ಬರುತ್ತೆ' ಅನ್ನೋ ಮಾತನ್ನು ನಾನು ಒಪ್ಪಲ್ಲ. ಚಿಪ್ ವಿನ್ಯಾಸ ಕಾರ್ಖಾನೆಯೇ ಇಲ್ಲದೆ ಬೆಂಗಳೂರಿಗೆ ಬಂತು. ಬೋರ್ಡು, ಹಿಂಜ್, ಫ್ಯಾನ್ ಮಾಡುವವರು ಪಕ್ಕದಲ್ಲೇ ಇಲ್ಲದಿದ್ದರೆ ಬರೀ ಸ್ಕ್ರೂ ಹಾಕೋ ಕಾರ್ಖಾನೆಗೆ ಡಿಸೈನರ್ ಯಾಕೆ ಬರ್ತಾನೆ?

ನಿಮ್ಮ ಲ್ಯಾಪ್‌ಟಾಪನ್ನು ಯಾರು ಮಾಡಿದ್ದು ತಿಳಿಯಬೇಕಾದರೆ ಹಿಂಬದಿ ಬಿಚ್ಚಿ, ಮದರ್‌ಬೋರ್ಡ್ ಮೇಲಿನ ಅಚ್ಚು ನೋಡಿ. 'LA-' ಅಂತ ಶುರುವಾದರೆ ಸಾಮಾನ್ಯವಾಗಿ ಕಾಂಪಾಲ್, 'DA0' ಇದ್ದರೆ ಕ್ವಾಂಟಾ. ರಿಪೇರಿಯವರು ಸರ್ಕ್ಯೂಟ್ ನಕ್ಷೆ ಹುಡುಕೋದೂ ಈ ನಂಬರಿನಿಂದಲೇ, ಮುಚ್ಚಳದ ಮೇಲಿನ ಹೆಸರಿಂದಲ್ಲ.