ಸೆರಾಮಿಕ್ ಪೊರೆಯಿಂದ ಸೋಸಿದ ನೀರು ಬಾಯ್ಲರಿಗೆ ಆಗುವುದೇ?

ಎಣ್ಣೆ ಬೆರೆತ ತ್ಯಾಜ್ಯನೀರನ್ನು ಸೆರಾಮಿಕ್ ಪೊರೆಯಲ್ಲಿ ಸೋಸಿ ನೇರವಾಗಿ ಬಾಯ್ಲರಿಗೆ ಮರುಬಳಸಬಹುದೇ ಎಂದು ತಾವು ಕೇಳಿದ್ದೀರಿ. ಸೋಸುವ ಮಟ್ಟಿಗೆ ತಮ್ಮ ಆಯ್ಕೆ ಸರಿಯಾಗಿಯೇ ಇದೆ, ಆದರೆ ಬಾಯ್ಲರಿಗೆ ಅದೊಂದೇ ಸಾಲದು. ಅಲ್ಯೂಮಿನಾ ಅಥವಾ ಸಿಲಿಕಾನ್ ಕಾರ್ಬೈಡ್‌ನಿಂದ ಮಾಡಿದ, ಸುಮಾರು 0.1 ಮೈಕ್ರಾನ್ ರಂಧ್ರಗಳ ಪೊರೆಯು ತೇಲುಕಣಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಎಣ್ಣೆಯ ಸೂಕ್ಷ್ಮ ಹನಿಗಳಲ್ಲಿ ಬಹುಪಾಲನ್ನೂ ತಡೆಯುತ್ತದೆಯಾದರೂ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಸಿಲಿಕಾ, ಕ್ಲೋರೈಡ್‌ಗಳು ಅದನ್ನು ಸಲೀಸಾಗಿ ದಾಟಿ ಹೋಗುತ್ತವೆ. ಬಾಯ್ಲರಿನ ಕೊಳವೆಗಳಲ್ಲಿ ಪದರ ಕಟ್ಟುವುದಕ್ಕೂ ತುಕ್ಕು ಹಿಡಿಯುವುದಕ್ಕೂ ಕಾರಣವಾಗುವುದು ಇಂಥವೇ. ಆದ್ದರಿಂದ ಈ ಸೋಸುವಿಕೆಯ ನಂತರ ರಿವರ್ಸ್ ಆಸ್ಮೋಸಿಸ್‌ನಂತಹ ಲವಣ ತೆಗೆಯುವ ಹಂತವೊಂದು ಇರಲೇಬೇಕು.

ಸೆರಾಮಿಕ್‌ನ ನಿಜವಾದ ಲಾಭ ಇರುವುದು ತೊಳೆಯುವಿಕೆಯಲ್ಲಿ. ಅನೇಕ ಪಾಲಿಮರ್ ಪೊರೆಗಳನ್ನು ಹಾಳುಮಾಡಬಲ್ಲ ಬಿಸಿ ಕ್ಷಾರ, ಪ್ರಬಲ ಆಮ್ಲ, ಓಝೋನ್‌ಗಳನ್ನು ಇದು ತಾಳಿಕೊಳ್ಳುವುದರಿಂದ, ಎಣ್ಣೆ ಮೆತ್ತಿಕೊಂಡು ಕುಸಿದ ಹರಿವನ್ನು ಮೊದಲು ಕ್ಷಾರದಿಂದ, ಬಳಿಕ ಆಮ್ಲದಿಂದ ತೊಳೆದು ಬಹುಮಟ್ಟಿಗೆ ಮರಳಿ ಪಡೆಯಬಹುದು. ಪೊರೆಯ ರಂಧ್ರಗಳು ಕಟ್ಟಿಕೊಳ್ಳುವುದೇ ಇಲ್ಲ ಎಂದು ಮಾರಾಟಗಾರರು ಹೇಳಿದರೆ ಮಾತ್ರ ನಂಬಬೇಡಿ. ಇದು ಬಿರುಕು ಬಿಡುವ ವಸ್ತುವಾದ್ದರಿಂದ ಬಿಸಿ ದ್ರಾವಣದ ಬೆನ್ನಿಗೇ ತಣ್ಣೀರು ಹಾಯಿಸುವುದೂ ಬೇಡ. ಖರೀದಿಗೆ ಮುನ್ನ ತಮ್ಮದೇ ತ್ಯಾಜ್ಯನೀರಿನಿಂದ ಕೆಲವು ವಾರ ಸಣ್ಣ ಪ್ರಮಾಣದ ಪರೀಕ್ಷೆ ನಡೆಸಿ, ಪ್ರತಿ ತೊಳೆತದ ನಂತರ ಹರಿವು ಎಷ್ಟು ಮರಳುತ್ತದೆ ಎಂಬುದನ್ನು ದಾಖಲಿಸಿಕೊಳ್ಳಿ.