ಹುಳುಕಡ್ಡಿ ಬಂದ ಹುಡುಗರನ್ನು ಮನೆಗೆ ಕಳುಹಿಸಬೇಕೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹುಡುಗರ ವಸತಿ ನಿಲಯವೊಂದರ ಮೇಲ್ವಿಚಾರಕ. ಐದು, ಆರನೇ ತರಗತಿಯ ಒಂಬತ್ತು ಹುಡುಗರಿಗೆ ಸೊಂಟ, ತೊಡೆಸಂದು, ಕುತ್ತಿಗೆಯಲ್ಲಿ ಹುಳುಕಡ್ಡಿ ಎದ್ದಿದೆ. ಔಷಧ ಅಂಗಡಿಯ ಮುಲಾಮು ಹಚ್ಚಿದರೆ ಮೂರೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟರೆ ವಾರದಲ್ಲಿ ಮೊದಲಿಗಿಂತ ಹೆಚ್ಚಾಗುತ್ತದೆ. ಒಬ್ಬನ ತಲೆಯಲ್ಲಿ ರೂಪಾಯಿ ಬಿಲ್ಲೆಯಗಲ ಕೂದಲು ಉದುರಿದೆ. ಉಳಿದ ಪೋಷಕರು ಇವರನ್ನೆಲ್ಲ ಮನೆಗೆ ಕಳುಹಿಸಿ ಎಂದು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಕಳುಹಿಸಬೇಡಿ. ಚಿಕಿತ್ಸೆ ಆರಂಭಿಸಿ, ಮಚ್ಚೆಯನ್ನು ಬಟ್ಟೆಯಿಂದ ಮುಚ್ಚಿಕೊಂಡ ಹುಡುಗ ತರಗತಿಯಲ್ಲಿ ಕೂರಬಹುದು. ಕುಸ್ತಿ, ಕಬಡ್ಡಿಯಂತಹ ಮೈಗೆ ಮೈ ತಾಗುವ ಆಟ ಮಾತ್ರ ಸದ್ಯಕ್ಕೆ ಬೇಡ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಿನಿಂದ ಬರುವುದಲ್ಲ, ಚರ್ಮದ ಮೇಲ್ಪದರದಲ್ಲಿ ಬೆಳೆಯುವ ಶಿಲೀಂಧ್ರದ ಸೋಂಕು. ಮನೆತನಕ್ಕಾಗಲಿ, ಶುಚಿತ್ವಕ್ಕಾಗಲಿ ಇದು ಕಳಂಕವಲ್ಲ.

ನನಗೆ ಆತಂಕವಾಗಿರುವುದು ಆ ಮುಲಾಮಿನ ಬಗ್ಗೆ. ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಸ್ಟೀರಾಯ್ಡ್ ಉರಿ, ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮದ ರಕ್ಷಣೆಯನ್ನೂ ಕುಗ್ಗಿಸುತ್ತದೆ. ಹುಡುಗನಿಗೆ ಹಾಯೆನಿಸುವ ಹೊತ್ತಿನಲ್ಲೇ ಶಿಲೀಂಧ್ರ ಹಬ್ಬುತ್ತಿರುತ್ತದೆ. ಬಳೆಯಂತಿದ್ದ ಅಂಚು ಅಳಿಸಿಹೋಗಿ, ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮಕ್ಕಳ ತೊಡೆಸಂದಿನಲ್ಲಿ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂತಹ ಗೆರೆಗಳು ಮೂಡಿರುವುದನ್ನು ನೋಡಿದ್ದೇನೆ. ಹತ್ತು ವರ್ಷದ ಹುಡುಗನ ಮೈಮೇಲಿನ ಆ ಗೆರೆಗಳು ಮತ್ತೆ ಮಾಯುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಮುಲಾಮು ಮಾರದಂತೆ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿತು. ಆದರೂ ಕೇಳಿದವರ ಕೈಗೆ ಅದು ಸಿಗುತ್ತಲೇ ಇದೆ.

ಒಂಬತ್ತೂ ಹುಡುಗರನ್ನು ಒಂದೇ ದಿನ ಚರ್ಮ ವೈದ್ಯರಿಗೆ ತೋರಿಸಿ. ಅಂಚಿನಿಂದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ತುರಿಕೆಯಿಲ್ಲದ, ಮುಟ್ಟಿದರೆ ತಿಳಿಯದ ತಿಳಿಬಣ್ಣದ ಮಚ್ಚೆ ಯಾರಿಗಾದರೂ ಇದ್ದರೆ ಅದನ್ನು ಬೇರೆಯಾಗಿಯೇ ತೋರಿಸಿ. ಅದು ಕುಷ್ಠದ ಲಕ್ಷಣವಾಗಿರಬಹುದು. ವೈದ್ಯರು ಕೊಟ್ಟ ಮುಲಾಮನ್ನು ಮಚ್ಚೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಸವರಬೇಕು. ಕಣ್ಣಿಗೆ ವಾಸಿಯಾದಂತೆ ಕಂಡ ಮೇಲೂ ಅವರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಮುಂದುವರಿಸಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ನಮ್ಮ ದೇಶದಲ್ಲಿ ಈಗ ಹೆಚ್ಚಾಗಿ ಕಾಣುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಸಲಾದ ಶಿಲೀಂಧ್ರ ಟರ್ಬಿನಾಫಿನ್ ಔಷಧಕ್ಕೆ ಹಲವರಲ್ಲಿ ಜಗ್ಗುವುದಿಲ್ಲ. ಹಾಗಾಗಿ ಒಬ್ಬನಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬನಿಗೆ ಕೊಡಬೇಡಿ.

ತಲೆಯಲ್ಲಿ ಕೂದಲುದುರಿದ ಹುಡುಗನದು ಬೇರೆಯೇ ಲೆಕ್ಕ. ಅದೂ ಶಿಲೀಂಧ್ರವೇ ಎಂದಾದರೆ, ಅದು ಕೂದಲಿನ ಬುಡಕ್ಕೆ ಇಳಿದಿರುವುದರಿಂದ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ತೂಕಕ್ಕೆ ತಕ್ಕಂತೆ ವಾರಗಟ್ಟಲೆ ಮಾತ್ರೆ ಬೇಕು. ತಲೆ ಬೋಳಿಸುವ ಅಗತ್ಯವಿಲ್ಲ, ಆ ಅವಮಾನಕ್ಕೆ ಅವನನ್ನು ಗುರಿಮಾಡಬೇಡಿ. ಮೆತ್ತಗೆ ಊದಿ ಕೀವು ಸೋರಿದರೆ ತಡಮಾಡದೆ ಕರೆದೊಯ್ಯಿರಿ, ತಡವಾದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದೆ ಹೋಗಬಹುದು. ಎಲ್ಲರಿಗೂ ಒಂದೇ ಕ್ಷೌರದ ಯಂತ್ರ ಬಳಸುತ್ತಿದ್ದರೆ ಅದನ್ನೂ ನಿಲ್ಲಿಸಿ.

ಇನ್ನು ಉಡಿದಾರ. ಬೆವರಿಗೆ ನೆನೆದ ಕಪ್ಪು ದಾರ ದಿನವಿಡೀ ಒದ್ದೆಯಾಗಿಯೇ ಇರುತ್ತದೆ, ಅದರ ಗುಂಟ ಸೊಂಟದ ಸುತ್ತ ಹುಳುಕಡ್ಡಿ ಹಬ್ಬುವುದನ್ನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಮನೆಯವರಿಗೆ ತಿಳಿಹೇಳಿ, ಗುಣವಾಗುವವರೆಗಾದರೂ ತೆಗೆಸಿ. ಟವೆಲ್, ಬಾಚಣಿಗೆ, ಹೊದಿಕೆ ಒಬ್ಬೊಬ್ಬರಿಗೂ ಬೇರೆ ಇರಲಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಅರೆ ಒಣಗಿದ ಚಡ್ಡಿಯನ್ನು ಹುಡುಗರು ಅವಸರಕ್ಕೆ ಹಾಕಿಕೊಳ್ಳುತ್ತಾರೆ, ಅದಕ್ಕೆ ಅವಕಾಶ ಕೊಡಬೇಡಿ.

ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯೇ ಎಂದು ಪೋಷಕರನ್ನು ಕೇಳಿ. ಕೊಟ್ಟಿಗೆಯ ಕರುವಿನ ಕಣ್ಣ ಸುತ್ತ ಬೂದಿಬಣ್ಣದ ಹಕ್ಕಳೆ ಕಟ್ಟಿದೆಯೇ ಎಂಬುದನ್ನೂ ಕೇಳಿ, ಅದರಿಂದಲೂ ಹುಳುಕಡ್ಡಿ ಅಂಟುತ್ತದೆ. ಮನೆಯವರಿಗೂ ಕರುವಿಗೂ ಚಿಕಿತ್ಸೆ ಆಗದಿದ್ದರೆ, ದಸರಾ ರಜೆ ಮುಗಿಸಿ ಬರುವ ಹುಡುಗ ಅದನ್ನು ಮತ್ತೆ ಹೊತ್ತು ತರುತ್ತಾನೆ.